ಹೊರಗಿನ ಸಾಫ್ಟ್‌ವೇರ್ ಯಾವ ಡೈರೆಕ್ಟರಿಗೆ?

ಡೈರೆಕ್ಟರಿಗಳ ಹೆಸರನ್ನು ಬಾಯಿಪಾಠ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಈ ಫೈಲನ್ನು ಅಪ್‌ಡೇಟ್ ಮಾಡುವವರು, ಅಳಿಸುವವರು ಯಾರು? ಪ್ಯಾಕೇಜ್ ಮ್ಯಾನೇಜರ್ (ಸಿಸ್ಟಮ್ಮಿಗೆ ಸಾಫ್ಟ್‌ವೇರ್ ಹಾಕುವ, ಅಪ್‌ಡೇಟ್ ಮಾಡುವ, ತೆಗೆಯುವ ಪ್ರೋಗ್ರಾಂ) ಆದರೆ ಅದರ ಜಾಗದಲ್ಲಿರಲಿ. ನಾವೇ ಆದರೆ ಅದರ ಕೈಗೆ ಸಿಗದ ಕಡೆ ಇರಲಿ.

ಲಿನಕ್ಸ್‌ನಲ್ಲಿ ಹೊಸ ಪೈಥಾನ್ ಬೇಕೆಂದು ಸೋರ್ಸ್ ಕಂಪೈಲ್ ಮಾಡಿ, ಪ್ರಿಫಿಕ್ಸ್ (ಯಾವ ಡೈರೆಕ್ಟರಿಯಲ್ಲಿ ಇಡಬೇಕೆಂಬುದು) ಜಾಗದಲ್ಲಿ ಸಿಸ್ಟಮ್ಮಿನ ಪ್ರೋಗ್ರಾಂಗಳಿರುವ /ಯುಎಸ್‌ಆರ್ (/usr) ಎಂದು ಕೊಟ್ಟೆವು ಅನ್ನಿ. ಸಿಸ್ಟಮ್ಮಿನ ಪೈಥಾನ್3 ಮೇಲೆ ನಮ್ಮದು ಕೂರುತ್ತದೆ. ಹಳೆಯ ಆವೃತ್ತಿಯ ಮಾಡ್ಯೂಲ್‌ಗಳನ್ನು ನಂಬಿಕೊಂಡಿದ್ದ ಡಿಸ್ಟ್ರಿಬ್ಯೂಷನ್ ಸ್ಕ್ರಿಪ್ಟ್‌ಗಳು ಕೆಡುತ್ತವೆ. ಮುಂದಿನ ಅಪ್‌ಡೇಟ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ಹೇಳದೆ ಕೇಳದೆ ನಮ್ಮ ಫೈಲನ್ನು ಅಳಿಸಿ ತನ್ನದನ್ನು ಇಡುತ್ತದೆ. ಅದನ್ನು ದೂರಿ ಫಲವಿಲ್ಲ, ಅದರ ಲೆಕ್ಕದಲ್ಲಿ ನಾವು ಹಾಕಿದ ಫೈಲೇ ಇಲ್ಲ.

ಇದಕ್ಕೆಂದೇ /ಯುಎಸ್‌ಆರ್/ಲೋಕಲ್ ಇರುವುದು. ಕಂಪೈಲ್‌ಗೆ ಮೊದಲು ಓಡಿಸುವ ಎಷ್ಟೋ 'ಕಾನ್ಫಿಗರ್' ಸ್ಕ್ರಿಪ್ಟ್‌ಗಳು ತಾವಾಗಿಯೇ ಆರಿಸುವ ಜಾಗವೂ ಇದೇ. ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನ ನಿಯಮದ ಪ್ರಕಾರ ಅದರ ಪ್ಯಾಕೇಜ್‌ಗಳು ಇಲ್ಲಿ ಫೈಲ್ ಇಡುವಂತಿಲ್ಲ. ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಕಮಾಂಡ್‌ಗಳನ್ನು ಯಾವ ಡೈರೆಕ್ಟರಿಗಳಲ್ಲಿ ಹುಡುಕಬೇಕೆಂದು ಹೇಳುವ 'ಪಾತ್' ಪಟ್ಟಿಯಲ್ಲಿ ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಬಿನ್ ಮೊದಲು, /ಯುಎಸ್‌ಆರ್/ಬಿನ್ ಆಮೇಲೆ. ಹಾಗಾಗಿ ಬರೀ 'ಪೈಥಾನ್3' ಎಂದು ಕರೆಯುವ ಸ್ಕ್ರಿಪ್ಟ್‌ಗೆ ನಮ್ಮದೇ ಸಿಗುತ್ತದೆ. ಪೈಥಾನ್‌ನವರು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಕೊಟ್ಟಿರುವುದು ಈ ಕಾರಣಕ್ಕೆ: ಅದು 'ಪೈಥಾನ್3.12' ಎಂಬಂಥ ಪೂರ್ತಿ ಹೆಸರನ್ನಷ್ಟೇ ಇಡುತ್ತದೆ, 'ಪೈಥಾನ್3' ಹೆಸರನ್ನು ಮುಟ್ಟುವುದಿಲ್ಲ.

ಕಂಪನಿಯೊಂದು ತನ್ನ ಬೈನರಿ, ಲೈಬ್ರರಿ ಎಲ್ಲವನ್ನೂ ಒಂದೇ ಗಂಟಾಗಿ ಕೊಟ್ಟರೆ /ಆಪ್ಟ್ ವಾಸಿ. ಯಾವ ಫೈಲ್ ಯಾವ ಡೈರೆಕ್ಟರಿಗೆ ಎಂದು ಹೇಳುವ 2015ರ ಎಫ್‌ಎಚ್‌ಎಸ್ 3.0 ಪ್ರಕಾರ ಅದರ ಸೆಟ್ಟಿಂಗ್ ಫೈಲ್‌ಗಳು /ಇಟಿಸಿ/ಆಪ್ಟ್‌ಗೆ, ಬದಲಾಗುತ್ತಿರುವ ಡೇಟಾ /ವಾರ್/ಆಪ್ಟ್‌ಗೆ ಹೋಗಬೇಕು. ಎಲ್ಲರೂ ಪಾಲಿಸುತ್ತಾರೆ ಎಂದುಕೊಳ್ಳಬೇಡಿ. ನಿಮಗೊಬ್ಬರಿಗೇ ಬೇಕಾದ ಟೂಲ್ ಆದರೆ ಹೋಮ್ ಡೈರೆಕ್ಟರಿಯ .ಲೋಕಲ್/ಬಿನ್ ಸಾಕು, ಅಡ್ಮಿನ್ ಅಧಿಕಾರ ಕೊಡುವ ಸುಡೋ ತಂಟೆಯೇ ಬೇಡ.

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಈ ಗೆರೆಯನ್ನು ಇನ್ನೂ ಬಿಗಿಯಾಗಿ ಎಳೆದಿದೆ, ನನಗೆ ಹೆಚ್ಚು ಹಿಡಿಸುವುದು ಅದೇ. ಮೂಲ ಸಿಸ್ಟಮ್ ಒಂದು ಕಡೆ. ಪೋರ್ಟ್ಸ್ ಎಂಬ ಹೊರಗಿನ ಸಾಫ್ಟ್‌ವೇರ್ ಸಂಗ್ರಹದಿಂದ ಬಂದದ್ದು ಸೆಟ್ಟಿಂಗ್ ಫೈಲ್‌ಗಳ ಸಮೇತ /ಯುಎಸ್‌ಆರ್/ಲೋಕಲ್ ಒಳಗೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್ ಇಂಟೆಲ್ ಯಂತ್ರಗಳಲ್ಲಿ /ಯುಎಸ್‌ಆರ್/ಲೋಕಲ್ ಬಳಸುತ್ತದೆ, ಆ್ಯಪಲ್ ಸಿಲಿಕಾನ್‌ನಲ್ಲಿ /ಆಪ್ಟ್/ಹೋಮ್‌ಬ್ರೂ. ವಿಂಡೋಸ್‌ನಲ್ಲಿ ಎಲ್ಲರಿಗೂ ಬೇಕಾದರೆ ಪ್ರೋಗ್ರಾಂ ಫೈಲ್ಸ್, ಒಬ್ಬರಿಗಾದರೆ ಆ್ಯಪ್‌ಡೇಟಾ.

ಲಿನಕ್ಸ್‌ನಲ್ಲಿ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಹೊಸ ಲೈಬ್ರರಿ ಹಾಕಿದ ಮೇಲೂ ಪ್ರೋಗ್ರಾಂ 'ಲೈಬ್ರರಿ ಸಿಗಲಿಲ್ಲ' ಎಂದು ನಿಂತರೆ, ರೂಟ್ (ಅಡ್ಮಿನ್) ಆಗಿ ಒಮ್ಮೆ 'ಎಲ್‌ಡಿಕಾನ್ಫಿಗ್' ಓಡಿಸಿ ನೋಡಿ, ಅದು ಸಿಸ್ಟಮ್ಮಿನ ಲೈಬ್ರರಿ ಪಟ್ಟಿಯನ್ನು ಹೊಸದಾಗಿ ಮಾಡುತ್ತದೆ.