ಅಧ್ಯಯನ ಟಿಪ್ಪಣಿ: ಹಿರಿಯರ ಬಾಯಿ, ಹಿರಿಯರ ಬದುಕು – ‘ಊಟ ಸೇರುತ್ತಾ?’ ಎಂದು ಕೇಳಿದರೆ ಸಾಲದು

ಬಾಯಲ್ಲಿ 20 ಹಲ್ಲಾದರೂ ಉಳಿದಿದ್ದರೆ ಕಟ್ಟಿಸಿದ ಹಲ್ಲಿಲ್ಲದೆ ಊಟ ನಡೆಯುತ್ತದೆ ಎಂಬುದು ನಾವೆಲ್ಲ ಓದುವ ಲೆಕ್ಕ. ಜಪಾನ್ 1989ರಲ್ಲಿ ಶುರು ಮಾಡಿದ ‘8020’ ಅಭಿಯಾನದ ಗುರಿಯೂ ಅದೇ: 80ನೇ ವಯಸ್ಸಿಗೆ 20 ಹಲ್ಲು. ಆದರೆ ಹಲ್ಲು ಹೋದ ಮೇಲೆ ಆ ವ್ಯಕ್ತಿ ಏನೇನು ಬಿಟ್ಟುಕೊಟ್ಟರು ಎಂಬುದು ಎಣಿಕೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಪ್ರಶ್ನಾವಳಿ ಬೇಕು.

ಹಿರಿಯರಿಗೆಂದೇ ಸಂಶೋಧಕರಾದ ಆಚಿಸನ್ ಮತ್ತು ಡೋಲನ್ 1990ರಲ್ಲಿ ರೂಪಿಸಿದ್ದು ಗೋಹಾಯ್ (GOHAI) ಎಂಬ ಪ್ರಶ್ನಾವಳಿ. ಕಳೆದ ಮೂರು ತಿಂಗಳ ಬಗ್ಗೆ 12 ಪ್ರಶ್ನೆ: ಅಗಿಯುವುದು, ನುಂಗುವುದು, ಮಾತು, ನೋವು, ನಾಲ್ಕು ಜನರ ಮುಂದೆ ತಿನ್ನಲು ಸಂಕೋಚ. ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ (‘ಯಾವಾಗಲೂ’ ಎಂದರೆ 1, ‘ಎಂದೂ ಇಲ್ಲ’ ಎಂದರೆ 5), ಒಟ್ಟು 12ರಿಂದ 60. ಹೆಚ್ಚು ಬಂದಷ್ಟೂ ಒಳ್ಳೆಯದು. ಬಾಯಿಯ ತೊಂದರೆ ಬದುಕನ್ನು ಎಷ್ಟು ಕಾಡುತ್ತದೆ ಎಂದು ಕೇಳುವ 14 ಪ್ರಶ್ನೆಗಳ ಇನ್ನೊಂದು ಪ್ರಶ್ನಾವಳಿ ಓಹಿಪ್-14ರಲ್ಲಿ (OHIP-14) ಇದು ತಲೆಕೆಳಗು: 0ರಿಂದ 56, ಹೆಚ್ಚಾದಷ್ಟೂ ತೊಂದರೆ.

ಬಹಳ ಜನ ಎಡವುವುದು ಗೋಹಾಯ್‌ನ 3, 5, 7ನೇ ಪ್ರಶ್ನೆಗಳಲ್ಲಿ. ಉಳಿದ ಒಂಬತ್ತು ತೊಂದರೆಯನ್ನು ಕೇಳಿದರೆ ಈ ಮೂರು ನೆಮ್ಮದಿಯನ್ನು ಕೇಳುತ್ತವೆ. ಹಾಗಾಗಿ ಇವುಗಳ ಅಂಕ ತಿರುಗಿಸಬೇಕು: 1 ಇದ್ದರೆ 5, 2 ಇದ್ದರೆ 4, ಹೀಗೆ. ಮರೆತರೆ ಏನಾಗುತ್ತದೆ ನೋಡಿ: ಯಾವ ತೊಂದರೆಯೂ ಇಲ್ಲದವರಿಗೆ ಒಂಬತ್ತು ಪ್ರಶ್ನೆಗೆ 45 ಬರುತ್ತದೆ, ಈ ಮೂರಕ್ಕೆ 15ರ ಬದಲು 3. 60 ಬರಬೇಕಾದ ಕಡೆ 48! ಸಾಮಾನ್ಯವಾಗಿ 50 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಕೆಳ ಗುಂಪಿಗೆ ಸೇರಿಸುತ್ತಾರೆ. ಆರೋಗ್ಯವಂತರೇ ಅಲ್ಲಿಗೆ ಹೋಗಿ ಕೂರುತ್ತಾರೆ.

ಇನ್ನೊಂದು ತೊಡಕು ನಮ್ಮ ಬೆಂಗಳೂರಿನದೇ. “ಅಜ್ಜಿ, ಊಟ ಸೇರುತ್ತಾ?” ಎಂದರೆ “ಹೂಂ ಕಣಪ್ಪ, ಚೆನ್ನಾಗೇ ಸೇರುತ್ತೆ” ಎನ್ನುತ್ತಾರೆ. ನಿಜವೇ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅನ್ನ–ಸಾರು, ಹಿತಕಿದಬೇಳೆ ಒಸಡಿನಲ್ಲೇ ಆಗುತ್ತದೆ. ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಒಗ್ಗಿಕೊಂಡವರು ಒಳ್ಳೆಯ ಅಂಕವನ್ನೇ ಕೊಡುತ್ತಾರೆ. ಪ್ರಶ್ನಾವಳಿಯ ಮಾತನ್ನು ಬದಲಾಯಿಸಬೇಡಿ, ಅಂಕ ಕೆಡುತ್ತದೆ. ಅದು ಮುಗಿದ ಮೇಲೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ: ಚಕ್ಕುಲಿ, ಸೀಬೆಹಣ್ಣು, ಹಸಿ ಸೌತೆಕಾಯಿ ಕೊನೆಗೆ ತಿಂದದ್ದು ಯಾವಾಗ? ಎಲೆ ಅಡಿಕೆಯನ್ನು ಕುಟ್ಟಿ ಹಾಕಿಕೊಳ್ಳುತ್ತೀರಾ? ಮದುವೆ ಮನೆಯ ಪಂಕ್ತಿಯಲ್ಲಿ ಕೂರುತ್ತೀರಾ, ಇಲ್ಲ ಮನೆಗೆ ಬಂದು ತಿನ್ನುತ್ತೀರಾ? ಈ ಕೊನೆಯ ಪ್ರಶ್ನೆಗೆ ಮೌನವಾಗುವವರಿದ್ದಾರೆ, ಅವಸರ ಮಾಡಬೇಡಿ. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡಲೇಬೇಕು. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಕ್ಷಣ ತಜ್ಞರಲ್ಲಿಗೆ ಕಳಿಸಿ.

ಹಲ್ಲಿನ ಸೆಟ್ ಹಾಕಿಸಿದರೆ ಎಲ್ಲ ಮುಗಿಯಿತೆಂದಲ್ಲ. ಪೂರ್ತಿ ಸೆಟ್‌ನ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟು ಬಂದರೆ ಹೆಚ್ಚು. ಮೇಲಿನದು ಅಂಗುಳಕ್ಕೆ ಅಂಟಿದಂತೆ ಕೂರುತ್ತದೆ. ಕೆಳಗಿನದಕ್ಕೆ ಆಧಾರ ಒಸಡಿನ ಲಾಳದಾಕಾರದ ಸಣ್ಣ ದಿಂಡು ಮಾತ್ರ. ಅದೂ ವರ್ಷಗಳು ಕಳೆದಂತೆ ಸವೆಯುತ್ತದೆ, ಪಕ್ಕದಲ್ಲಿ ನಾಲಿಗೆ ಸುಮ್ಮನಿರುವುದಿಲ್ಲ. ‘ಕೆಳಗಿನದು ಡಬ್ಬದಲ್ಲೇ ಇದೆ’ ಎಂಬ ದೂರು ಇದರಿಂದಲೇ. ಬಾಯಿ ಒಣಗಿದ್ದರೆ ಸೆಟ್ ಇನ್ನೂ ಸಡಿಲವಾಗುತ್ತದೆ, ಒಸಡು ಉರಿಯುತ್ತದೆ. ಆದ್ದರಿಂದ ಮಾತ್ರೆಗಳ ಪಟ್ಟಿ ಕೇಳಿ: ಅಲರ್ಜಿಗೆ, ಖಿನ್ನತೆಗೆ ಕೊಡುವ ಔಷಧಿಗಳು, ಮೂತ್ರ ಹೆಚ್ಚಿಸುವ ಔಷಧಿಗಳು ಜೊಲ್ಲನ್ನು ಕಡಿಮೆ ಮಾಡಬಲ್ಲವು. ಮಾತ್ರೆ ನಿಲ್ಲಿಸಿ ಎಂದು ನಾವು ಹೇಳಬಾರದು, ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ಸೆಟ್ ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟರೆ ಕೈಜಾರಿದರೂ ಒಡೆಯುವುದಿಲ್ಲ. ಮೆತ್ತನೆಯ ಬ್ರಷ್, ಸೋಪು ಸಾಕು. ಪೇಸ್ಟ್ ಗೀರು ಬೀಳಿಸುತ್ತದೆ, ಬಿಸಿನೀರಿಗೆ ಆಕಾರ ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಹಾಕಿಕೊಂಡೇ ಮಲಗಿದರೆ ಅಂಗುಳದಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬೆಳೆದು ಕೆಂಪಾಗಬಹುದು.

ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಲ್ಲೋ ಬೇರೆಲ್ಲೋ ಹೊಸ ಸೆಟ್ ಹಾಕಿಸಿಕೊಂಡವರಿಗೆ ಮರುವಾರವೇ ಗೋಹಾಯ್ ಹಿಡಿದು ಹೋಗಬೇಡಿ. ಆಗ ಸೆಟ್ ಒತ್ತಿ ಹುಣ್ಣಾಗಿರಬಹುದು, ನಾಲಿಗೆಯೂ ಪಳಗಿರುವುದಿಲ್ಲ. ಪ್ರಶ್ನೆಗಳೋ ಮೂರು ತಿಂಗಳ ಹಿಂದಿನವರೆಗೂ ಹೋಗುತ್ತವೆ, ಸೆಟ್ ಇಲ್ಲದ ದಿನಗಳೂ ಉತ್ತರದಲ್ಲಿ ಬೆರೆಯುತ್ತವೆ. ಮೂರು ತಿಂಗಳು ತುಂಬಿದ ಮೇಲೆ ಹೋಗಿ, ಚಕ್ಕುಲಿಯ ಪ್ರಶ್ನೆಯನ್ನೂ ಮತ್ತೆ ಕೇಳಿ.