ಎಷ್ಟು ಸಲ ಉಜ್ಜಿತು, ಎಷ್ಟು ಶುಚಿಯಾಯಿತು: ಮಕ್ಕಳ ಹಲ್ಲುಜ್ಜುವ ಅಭ್ಯಾಸದ ಬಗ್ಗೆ ಟಿಪ್ಪಣಿ

"ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀಯ?" ಎಂದು ಮಗುವನ್ನು ಕೇಳಿದರೆ "ಎರಡು ಸಲ" ಎಂಬ ಉತ್ತರ ಥಟ್ಟನೆ ಬರುತ್ತದೆ. ನಮೂನೆಯಲ್ಲಿ ಅದನ್ನು ಬರೆದುಕೊಂಡು ನಾವು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಮಕ್ಕಳ ಹಲ್ಲುಜ್ಜುವ ಅಭ್ಯಾಸದ ಈ ಅಧ್ಯಾಯವನ್ನು ಪರೀಕ್ಷೆಗೆ ಓದುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ: ಎಷ್ಟು ಸಲ ಎಂಬುದು ಒಂದು ಅಳತೆ, ಎಷ್ಟು ಶುಚಿ ಎಂಬುದು ಬೇರೆಯೇ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 11, 13 ಮತ್ತು 15 ವರ್ಷದವರ ನಡುವೆ ಹಲವು ದೇಶಗಳಲ್ಲಿ ನಡೆಯುವ ಸಮೀಕ್ಷೆಯೂ ಹಲ್ಲುಜ್ಜುವುದು ಎಷ್ಟು ಸಲ ಎಂದೇ ಕೇಳುತ್ತದೆ. ಹುಡುಗರಿಗಿಂತ ಹುಡುಗಿಯರು ಮುಂದಿದ್ದಾರೆ ಎಂಬುದು ಅಲ್ಲಿಂದ ತಿಳಿಯುತ್ತದೆ. ಆದರೆ ಹಲ್ಲು ಶುಚಿಯಾಗಿತ್ತೇ ಎಂದು ತಿಳಿಯಲು ಬಾಯಿಯೊಳಗೇ ನೋಡಬೇಕು.

ಹಾಗೆ ನೋಡುವುದಕ್ಕೆ 1964ರಲ್ಲಿ ದಂತ ಸಂಶೋಧಕರಾದ ಸಿಲ್ನೆಸ್ ಮತ್ತು ಲೋ ಪ್ರಕಟಿಸಿದ ಪ್ಲಾಕ್ ಸೂಚ್ಯಂಕವಿದೆ. ಬ್ಯಾಕ್ಟೀರಿಯಾಗಳು ಹಲ್ಲಿಗೆ ಅಂಟಿ ಕಟ್ಟುವ ಮೆತ್ತನೆಯ ಪದರವೇ ಪ್ಲಾಕ್. ಒಸಡಿನ ಅಂಚಿನಲ್ಲಿ ಅದು ಇಲ್ಲದಿದ್ದರೆ ಅಂಕ 0. ಹಲ್ಲು ಪರೀಕ್ಷಿಸುವ ತೆಳು ಸಲಾಕೆಯಿಂದ ಕೆರೆದಾಗ ಮಾತ್ರ ತುದಿಗೆ ಹತ್ತಿದರೆ 1. ಬರಿಗಣ್ಣಿಗೇ ಕಂಡರೆ 2. ದಪ್ಪವಾಗಿ ಕೂತಿದ್ದರೆ 3. ಮಗುವಿಗೂ ತಂದೆತಾಯಿಗೂ ತೋರಿಸಬೇಕಾದರೆ ಪ್ಲಾಕಿಗೆ ಕೆಂಪು ಹತ್ತಿಸುವ ಎರಿಥ್ರೋಸಿನ್ ಮಾತ್ರೆಗಿಂತ ಒಳ್ಳೆಯ ಸಾಧನವಿಲ್ಲ.

ನನ್ನ ಅಕ್ಕನ ಮಗಳಿಗೆ 7 ವರ್ಷ. ಅವಳು ಹಲ್ಲುಜ್ಜುವುದನ್ನು ಒಮ್ಮೆ ಏನೂ ಹೇಳದೆ ನೋಡುತ್ತಾ ನಿಂತೆ. ಕನ್ನಡಿಯಲ್ಲಿ ಕಾಣುವ ಮುಂದಿನ ಹಲ್ಲುಗಳನ್ನು ಅಡ್ಡಡ್ಡ ಜೋರಾಗಿ ತಿಕ್ಕಿದಳು. ಆಮೇಲೆ ದವಡೆ ಹಲ್ಲುಗಳ ಮೇಲ್ಭಾಗದ ಸರದಿ, ಜೊತೆಗೆ ಬ್ರಷ್ ಕಚ್ಚುವ ಆಟ. ಸುಮಾರು 45 ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಮಾತ್ರೆ ಜಗಿಸಿ ಬಾಯಿ ತೆರೆಸಿದರೆ ಮುಂಭಾಗ ಬೆಳ್ಳಗಿತ್ತು. ಕೆಳದವಡೆಯ ಒಳಬದಿಯಲ್ಲಿ, ನಾಲಿಗೆ ತಾಗುವ ಕಡೆ, ಒಸಡಿನುದ್ದಕ್ಕೂ ಕೆಂಪು ಗೆರೆ. "ಒಳಗಡೆಯೂ ಉಜ್ಜಬೇಕೇ ಚಿಕ್ಕಮ್ಮಾ?" ಎಂದು ಕೇಳಿದಳು. ಅವಳು ಸೋಮಾರಿಯಲ್ಲ, ಆ ಬದಿ ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಮಕ್ಕಳು ಹಲ್ಲುಜ್ಜುವುದನ್ನು ವಿಡಿಯೊ ಮಾಡಿ ನೋಡಿದ ಅಧ್ಯಯನಗಳಲ್ಲಿಯೂ ಹೆಚ್ಚಾಗಿ ಬಿಟ್ಟುಹೋಗುವುದು ಒಳಬದಿಯೇ.

ಇನ್ನೊಂದು ಜಾಗವನ್ನು ವಿಶೇಷವಾಗಿ ಗುರುತು ಹಾಕಿಕೊಳ್ಳಿ. ಸುಮಾರು 6ನೇ ವಯಸ್ಸಿನಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಇದಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಇದೂ ಹಾಲುಹಲ್ಲೇ, ಹೇಗೂ ಬೀಳುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಪೂರ್ತಿ ಮೇಲೆದ್ದು ಎದುರಿನ ಹಲ್ಲಿಗೆ ತಾಗುವವರೆಗೆ, ಅಂದರೆ ಅನೇಕ ತಿಂಗಳು, ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಉದ್ದಕ್ಕೆ ಓಡುವ ಬ್ರಷ್ ಅದರ ಮೇಲೆ ತೇಲಿಹೋಗುತ್ತದೆ, ಆಳವಾದ ಸೀಳುಗಳಲ್ಲಿ ಪ್ಲಾಕ್ ಉಳಿಯುತ್ತದೆ. ಜೀವನಪೂರ್ತಿ ಬೇಕಾದ ಹಲ್ಲು ಬಂದ ಹೊಸತರಲ್ಲೇ ಹುಳುಕಾಗುವುದು ಹೀಗೆ. ಬ್ರಷ್ಷನ್ನು ಬಾಯಿಯ ಪಕ್ಕದಿಂದ ಅಡ್ಡಲಾಗಿ ತೂರಿಸಿ ಆ ಒಂದು ಹಲ್ಲನ್ನೇ ಉಜ್ಜಬೇಕು.

ಇದು ಮಗುವಿನ ಕೈಯಿಂದಾಗುವ ಕೆಲಸವಲ್ಲ. ಮಣಿಕಟ್ಟನ್ನು ಸಣ್ಣದಾಗಿ ತಿರುಗಿಸುವ ಹಿಡಿತ ನಿಧಾನಕ್ಕೆ ಬರುತ್ತದೆ. ಆದ್ದರಿಂದಲೇ ಮಕ್ಕಳಿಗೆ ಫೋನ್ಸ್ ಹೆಸರಿನ ದುಂಡು ಸುತ್ತಿನ ವಿಧಾನವನ್ನು ಕಲಿಸುತ್ತಾರೆ. 7–8 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು, ಇಲ್ಲವೇ ಮಗು ಉಜ್ಜಿದ ಮೇಲೆ ಮತ್ತೊಮ್ಮೆ ಕೈಯಾಡಿಸಬೇಕು. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಉಗಿದ ಮೇಲೆ ನೀರು ತುಂಬಿಕೊಂಡು ಮುಕ್ಕಳಿಸಿದರೆ ಹಲ್ಲಿಗೆ ದಕ್ಕಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ.

ಅಭ್ಯಾಸದ ಮಾತಿಗೆ ಬಂದರೆ, ತಿಳಿವಳಿಕೆ ಕೊಟ್ಟರೆ ಸಾಕು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ರಾತ್ರಿ ಏಕೆ ಉಜ್ಜಬೇಕು ಎಂದು ಕೇಳಿದರೆ ಬಹಳಷ್ಟು ತಂದೆತಾಯಿಗಳು ಸರಿಯಾಗಿಯೇ ಹೇಳುತ್ತಾರೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಆಮ್ಲವನ್ನು ತೊಳೆಯುವವರಿಲ್ಲ, ಆಮ್ಲದ ಮಟ್ಟ ತೋರಿಸುವ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ ಎಂಬ ವಿವರ ಗೊತ್ತಿಲ್ಲದಿದ್ದರೂ ಸಾರ ಗೊತ್ತಿರುತ್ತದೆ. ಆದರೆ ದಣಿದು ಬಂದ ತಾಯಿಯ ಎದುರು ನಿದ್ದೆಗಣ್ಣಿನ ಮಗು ತುಟಿ ಬಿಗಿಹಿಡಿದು ಅಳತೊಡಗಿದರೆ ಆ ತಿಳಿವಳಿಕೆ ಕೈಗೆ ಬರುವುದಿಲ್ಲ. ಅಭ್ಯಾಸ ನಿಲ್ಲುವುದು ಹೊತ್ತು, ಜಾಗ ಮತ್ತು ಹಿಂದಿನ ಕೆಲಸದ ಆಸರೆಯ ಮೇಲೆ. ಮನೆಯಲ್ಲಿ ದೊಡ್ಡವರು ಉಜ್ಜುವುದು ಕಣ್ಣಿಗೆ ಬೀಳಬೇಕು, ಪೇಸ್ಟ್ ನಾಲಿಗೆಗೆ ಖಾರವೆನಿಸಬಾರದು, ಮಗು ಹಟ ಹಿಡಿದರೂ ನಾನು ಮಾಡಿಸಬಲ್ಲೆ ಎಂಬ ಧೈರ್ಯ ತಂದೆತಾಯಿಗೆ ಇರಬೇಕು.

ಅಭ್ಯಾಸ ನಿಲ್ಲಲು ಎಷ್ಟು ದಿನ ಬೇಕು? ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ನೋಡಿದ ಸಂಶೋಧಕಿ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೊಸ ನಡವಳಿಕೆ ತಾನಾಗಿ ನಡೆಯುವಂತಾಗಲು ಮಧ್ಯಾಂಕ 66 ದಿನ. ವ್ಯಾಪ್ತಿ 18ರಿಂದ 254. ಅವರು ನೋಡಿದ್ದು ವಯಸ್ಕರ ಊಟ, ಪಾನೀಯ ಮತ್ತು ವ್ಯಾಯಾಮವನ್ನು, ಹಲ್ಲುಜ್ಜುವುದನ್ನಲ್ಲ. ಉತ್ತರ ಬರೆಯುವಾಗ ಇದನ್ನು ಬೆರೆಸಬೇಡಿ. ನಡುವೆ ಒಂದು ಸಲ ತಪ್ಪಿದರೆ ಕಟ್ಟಿದ್ದೆಲ್ಲ ಕುಸಿಯುವುದಿಲ್ಲ ಎಂಬ ಅಂಶ ಮಾತ್ರ ತಂದೆತಾಯಿಗೆ ಹೇಳಲೇಬೇಕಾದ ಸಮಾಧಾನ.

ಅಕ್ಕ ಮಾಡಿದ ಬದಲಾವಣೆ ಚಿಕ್ಕದು. ಮಲಗುವ ಹೊತ್ತಿಗೆ ಇದ್ದ ಹಲ್ಲುಜ್ಜುವ ಕೆಲಸವನ್ನು ಊಟದ ತಟ್ಟೆ ಎತ್ತಿಟ್ಟ ಕೂಡಲೇ ಎಂದು ಹಿಂದಕ್ಕೆ ತಂದಳು. ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಮಗಳ ಹಿಂದೆ ನಿಂತು ಅವಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಳ್ಳುತ್ತಾಳೆ, ಬೆರಳಿನಿಂದ ಕೆನ್ನೆ ಸರಿಸಿ ಕೆಳದವಡೆಯ ಒಳಬದಿಯಿಂದಲೇ ಶುರು ಮಾಡುತ್ತಾಳೆ. ಮುಂದಿನ ಹಲ್ಲು ಕೊನೆಗೆ, ಅದು ಮಗಳ ಪಾಲು.