ಎಷ್ಟು ಕಿಲೋಮೀಟರ್ ಹೋಗುತ್ತದೆ ಎಂದು ಕೇಳುವವರಿಗೆ

ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವವರ, ಅಂದರೆ ಹ್ಯಾಮ್‌ಗಳ, ಹವ್ಯಾಸಿ ರೇಡಿಯೊ ಕ್ಲಬ್ಬಿನಲ್ಲಿ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುವುದು, ಪಾಸಾದವರ ಮನೆಯ ಮಹಡಿಯ ಮೇಲೆ ಆಂಟೆನಾ ಕಟ್ಟಿಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆ ಒಂದೇ: ‘ಸಾರ್, ಈ ಸೆಟ್ ಎಷ್ಟು ಕಿಲೋಮೀಟರ್ ಹೋಗುತ್ತದೆ?’ ಲೈಸೆನ್ಸ್ ಕೈಗೆ ಬಂದ ಕಾಲೇಜು ಹುಡುಗರು ಇದನ್ನು ಕೇಳುತ್ತಾರೆ, ಕಾಫಿ ತೋಟದ ಮಾಲೀಕರು ಕೇಳುತ್ತಾರೆ, ಪ್ರವಾಹದ ಕಾಲಕ್ಕೆಂದು ನಾಲ್ಕು ಸೆಟ್ ತೆಗೆದಿಟ್ಟುಕೊಳ್ಳಬೇಕೆಂದಿರುವ ಅಧಿಕಾರಿಗಳೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಉತ್ತರಕ್ಕೆ ಕಾಯದೆ, ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಿ ದುಡ್ಡು ಕೊಟ್ಟು ಬಂದು, ಆಮೇಲೆ ‘ಇದು ಮುಂದಿನ ಬೀದಿಗೂ ತಲುಪುತ್ತಿಲ್ಲ’ ಎಂದು ನಮ್ಮ ಮುಂದೆ ಇಟ್ಟಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೆಟ್ಟಿನೊಳಗೆ ಕಿಲೋಮೀಟರ್ ಎಂಬುದು ಇರುವುದೇ ಇಲ್ಲ. ಅಲ್ಲಿರುವುದು ಇಂತಿಷ್ಟು ವಾಟ್ ಶಕ್ತಿ ಮತ್ತು ಅದು ಕೆಲಸ ಮಾಡುವ ತರಂಗಾಂತರ. ದೂರವನ್ನು ತೀರ್ಮಾನಿಸುವುದು ಆಂಟೆನಾ, ಅದರ ಎತ್ತರ, ನಡುವಿನ ನೆಲದ ಏರಿಳಿತ ಮತ್ತು ನೀವು ಆರಿಸಿಕೊಂಡ ಬ್ಯಾಂಡ್, ಅಂದರೆ ತರಂಗಾಂತರಗಳ ಪಟ್ಟಿ. ನಮ್ಮವರು ಮೊದಲು ಕೊಳ್ಳುವುದು ಬಹುತೇಕ 144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡಿನ ಕೈಸೆಟ್ಟನ್ನೇ. ಈ ಬ್ಯಾಂಡಿನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ; ಭೂಮಿಯ ಬಾಗು ಅಡ್ಡ ಬಂದಲ್ಲಿಗೆ ಅವುಗಳ ದಾರಿ ಮುಗಿಯಿತೆಂದೇ ತಿಳಿಯಬೇಕು. ಲೆಕ್ಕ ಕಷ್ಟದ್ದಲ್ಲ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ತುದಿಯ ರೇಡಿಯೊ ದಿಗಂತ ಸುಮಾರಾಗಿ ಕಿಲೋಮೀಟರಿನಲ್ಲಿ ಸಿಗುತ್ತದೆ. ಎರಡೂ ತುದಿಯ ದಿಗಂತಗಳನ್ನು ಕೂಡಿಸಿದರೆ ಗರಿಷ್ಠ ದೂರ ಬಂತು. ಬಯಲಿನಲ್ಲಿ ನಿಂತ ಇಬ್ಬರು ಸೆಟ್ಟನ್ನು ಬಾಯಿಯ ಮಟ್ಟದಲ್ಲಿ ಹಿಡಿದರೆ ಒಬ್ಬೊಬ್ಬರ ಪಾಲಿಗೆ ಐದು ಕಿಲೋಮೀಟರ್, ಒಟ್ಟು ಹತ್ತು. ಕಾಂಕ್ರೀಟ್ ಕಟ್ಟಡಗಳು ತುಂಬಿದ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಅದು ಎರಡು ಮೂರಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದೇ ವ್ಯಕ್ತಿ, ಅದೇ ಸೆಟ್ಟನ್ನು ಹಿಡಿದು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಹೋದರೆ, ಕೆಳಗಿನ ಬಯಲು ಅಲ್ಲಿಂದ ಐನೂರು ಮೀಟರಿಗೂ ಆಳದಲ್ಲಿರುವುದರಿಂದ ದಿಗಂತ ನೂರು ಕಿಲೋಮೀಟರಿನ ಆಸುಪಾಸಿಗೆ ಸರಿಯುತ್ತದೆ. ಸೆಟ್ಟಿನಲ್ಲಿ ಒಂದು ತಿರುಪೂ ಬದಲಾಗಿಲ್ಲ.

ಇಷ್ಟು ಹೇಳಿದ ಮೇಲೂ ‘ಹಾಗಾದರೆ ಐದು ವಾಟ್ ಬದಲು ಐವತ್ತು ವಾಟ್‌ನದು ತೆಗೆದುಕೊಳ್ಳುತ್ತೇನೆ’ ಎಂಬ ಮಾತು ಬಂದೇ ಬರುತ್ತದೆ. ದಯವಿಟ್ಟು ತಾಳ್ಮೆಯಿಂದ ಕೇಳಿ. ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದರೆ ಸಂಕೇತದ ಬಲವನ್ನು ಹೋಲಿಸುವ ಡೆಸಿಬೆಲ್ ಎಂಬ ಅಳತೆಯಲ್ಲಿ ಆ ತುದಿಯಲ್ಲಿ ಸಿಗುವ ಲಾಭ ಹತ್ತು. ಕೇಳುಗರ ಮೀಟರಿನಲ್ಲಿ ಮುಳ್ಳು ಎರಡು ಮನೆಯೂ ಪೂರ್ತಿ ಏರುವುದಿಲ್ಲ. ಅಡ್ಡ ಇರುವ ಗುಡ್ಡ ಐವತ್ತು ವಾಟ್‌ಗೂ ಗುಡ್ಡವೇ. ಒಂದು ಅಪಾರ್ಟ್‌ಮೆಂಟಿನಲ್ಲಿ ಇಂಥದೇ ಐವತ್ತು ವಾಟ್ ಸೆಟ್ಟನ್ನು ನೋಡಲು ಹೋಗಿದ್ದೆ. ಆಂಟೆನಾ ಮಹಡಿಯ ಮೇಲೆ, ಸೆಟ್ ಕೆಳಗಿನ ಮನೆಯಲ್ಲಿ, ನಡುವೆ ಮೂವತ್ತು ಮೀಟರಿನಷ್ಟು ಸಣ್ಣ ಆರ್‌ಜಿ–58 ಕೇಬಲ್. ಈ ಬ್ಯಾಂಡಿನಲ್ಲಿ ಅಷ್ಟು ಉದ್ದದ ಆ ಕೇಬಲ್ ಸುಮಾರು ಆರು ಡೆಸಿಬೆಲ್ ನುಂಗುತ್ತದೆ, ಅಂದರೆ ಆಂಟೆನಾಕ್ಕೆ ತಲುಪುತ್ತಿದ್ದುದು ಹೆಚ್ಚೆಂದರೆ ಹನ್ನೆರಡು ವಾಟ್. ಉಳಿದುದೆಲ್ಲ ಕೇಬಲ್ಲಿನಲ್ಲೇ ಶಾಖವಾಗಿ ಹೋಗುತ್ತಿತ್ತು. ಸಾಲದ್ದಕ್ಕೆ ಮಹಡಿಯ ಮೇಲಿನ ಕನೆಕ್ಟರಿಗೆ ಟೇಪ್ ಸುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಹೆಣಿಗೆಯ ತಂತಿ ಮಳೆನೀರಿಗೆ ಹಸಿರುಗಟ್ಟಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಂತಿತ್ತು. ಮನೆಯವರು ಕೊಳ್ಳಬೇಕೆಂದು ನಿಶ್ಚಯಿಸಿದ್ದುದು ಇನ್ನೂ ದೊಡ್ಡ ಆಂಪ್ಲಿಫೈಯರ್. ದಪ್ಪ ಕೇಬಲ್ಲನ್ನು, ಸಾಧ್ಯವಾದಷ್ಟು ಗಿಡ್ಡವಾಗಿ ಎಳೆದು, ಕನೆಕ್ಟರ್ ಬದಲಿಸಿದ ಮೇಲೆ ಆಂಪ್ಲಿಫೈಯರಿನ ಮಾತು ಅವರ ಮನೆಯಲ್ಲಿ ನಿಂತಿತು.

ದಾರಿ ತೆರೆದಿದ್ದರೆ ಎಷ್ಟು ಕಡಿಮೆ ಶಕ್ತಿ ಸಾಕು ಎಂಬುದಕ್ಕೆ ಬೆಂಗಳೂರಿನವರಿಗೆ ಮನೆಯದೇ ಉದಾಹರಣೆಯಿದೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ಟು ಕಾರ್ಟೊಸ್ಯಾಟ್–1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ ನಲವತ್ತಮೂರು ಕಿಲೋ ತೂಗದ ಪುಟ್ಟ ಉಪಗ್ರಹವನ್ನೂ ಒಯ್ದಿತು. ನಮ್ಮಂಥ ಹವ್ಯಾಸಿಗಳಿಗೆಂದೇ ಇಸ್ರೊ ಅದನ್ನು ರೂಪಿಸಿತ್ತು. ಆರುನೂರು ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುತ್ತ, ಒಂದು ವಾಟ್‌ನಷ್ಟು ಶಕ್ತಿಯಲ್ಲಿ, 2014ರವರೆಗೆ ಅದು ದೇಶದೇಶಗಳ ಹ್ಯಾಮ್‌ಗಳ ಮಾತನ್ನು ಎತ್ತಿಕೊಂಡು ಹಿಂದಿರುಗಿಸುತ್ತಿತ್ತು. ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾವನ್ನು ಕೈಯಲ್ಲಿ ಹಿಡಿದು ಅದರತ್ತ ತಿರುಗಿಸಿದರೆ ಸಾವಿರಾರು ಕಿಲೋಮೀಟರ್ ಆಚೆಯವರು ಕೇಳಿಸುತ್ತಿದ್ದರು. ಅದಕ್ಕೂ ನಮಗೂ ನಡುವೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಸಾಮಾನ್ಯ ಕೈಸೆಟ್ಟಿನಲ್ಲೇ ಆಲಿಸುತ್ತಾರೆ.

ಗುಡ್ಡಗಳ ನಾಡಿನಲ್ಲಿರುವವರಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಅವರಿಗೆ ಬೇಕಾದುದು ಬೇರೆ ಬ್ಯಾಂಡ್. ಕಿರುತರಂಗದ 7 ಮೆಗಾಹರ್ಟ್ಸ್ ಬ್ಯಾಂಡಿನ ಅಲೆಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ, ಹಗಲಿನಲ್ಲಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಅದನ್ನು ಕೆಳಕ್ಕೆ ಮರಳಿಸುತ್ತದೆ. ಕೊಡೆಯ ಮೇಲಿಂದ ಇಳಿಯುವ ನೀರಿನಂತೆ ಅದು ಸುತ್ತಲಿನ ನಾನೂರು ಐನೂರು ಕಿಲೋಮೀಟರಿನ ಉದ್ದಗಲಕ್ಕೂ ಬೀಳುತ್ತದೆ. ನಡುವೆ ಎಷ್ಟು ಬೆಟ್ಟಗಳಿದ್ದರೂ ಲೆಕ್ಕಕ್ಕಿಲ್ಲ. ಅದಕ್ಕಾಗಿ ಆಂಟೆನಾವನ್ನು ಎತ್ತರಕ್ಕೆ ಏರಿಸಬೇಕಾಗಿಯೂ ಇಲ್ಲ, ಆರೆಂಟು ಮೀಟರಿನಲ್ಲಿ ಕಟ್ಟಿದರೆ ಸಾಕು. ಆದರೆ 14 ಮೆಗಾಹರ್ಟ್ಸ್‌ಗೆ ಹೋದರೆ ಅದೇ ಅಯಾನುಗೋಳ ನೇರವಾಗಿ ಮೇಲೇರಿದ ಅಲೆಯನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ, ಓರೆಯಾಗಿ ಹೋದುದನ್ನು ಮಾತ್ರ ಬಾಗಿಸಿ ದೂರಕ್ಕೆ ಎಸೆಯುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ ಸಂಜೆ ಇಟಲಿಯವರು ಸ್ಪಷ್ಟವಾಗಿ ಕೇಳಿಸುತ್ತಿರುವಾಗ ಮಂಡ್ಯದ ಗೆಳೆಯರು ಕೇಳಿಸದೆ ಇರುವುದು ಸಹಜ. ಹೊಸಬರು ಇದನ್ನು ಸೆಟ್ಟಿನ ದೋಷವೆಂದು ಭಾವಿಸಿ ರಿಪೇರಿಗೆ ಒಯ್ಯುತ್ತಾರೆ. ಬಿಚ್ಚಿಸಬೇಡಿ, ಬ್ಯಾಂಡ್ ಬದಲಿಸಿ ನೋಡಿ.

ಸಕಲೇಶಪುರದಾಚೆಯ ಒಂದು ತೋಟದ ದಂಪತಿಗಳ ವಿಷಯವನ್ನು ಇಲ್ಲಿ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತವನ್ನು ನೋಡಿದ ಮೇಲೆ, ಮಳೆಗಾಲದಲ್ಲಿ ಕರೆಂಟೂ ಮೊಬೈಲೂ ಒಟ್ಟಿಗೆ ಹೋದರೆ ಹಾಸನದಲ್ಲಿರುವ ಮನೆಯವರಿಗೆ ಕ್ಷೇಮ ತಿಳಿಸುವ ದಾರಿಯಿರಲಿ ಎಂದು ಇಬ್ಬರೂ ಓದಿ ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು. ಕೈಸೆಟ್ಟುಗಳನ್ನೂ ಕೊಂಡರು. ಮನೆ ಕಣಿವೆಯ ತಳದಲ್ಲಿ, ಮೂರು ಕಡೆ ಗುಡ್ಡ. ಗೇಟಿನವರೆಗೆ ಮಾತು ಹೋಗುತ್ತಿತ್ತು, ಅಷ್ಟೇ. ನಾವು ಹೋದಾಗ ಮಾಡಿದ ಕೆಲಸ ಅರ್ಧ ದಿನದ್ದೂ ಅಲ್ಲ. ಎರಡು ಸಿಲ್ವರ್ ಓಕ್ ಮರಗಳ ನಡುವೆ, 7 ಮೆಗಾಹರ್ಟ್ಸ್‌ಗೆಂದು ಹತ್ತು ಹತ್ತು ಮೀಟರಿನ ಎರಡು ತೋಳುಗಳಿರುವ ತಾಮ್ರದ ತಂತಿಯ ಡೈಪೋಲ್ ಆಂಟೆನಾ. ತುದಿಗಳಿಗೆ ಇನ್ಸುಲೇಟರಾಗಿ ಪಿವಿಸಿ ಪೈಪಿನ ತುಂಡು. ನೈಲಾನ್ ಹಗ್ಗಕ್ಕೆ ಕಲ್ಲು ಕಟ್ಟಿ ಕೊಂಬೆಯ ಮೇಲಿಂದ ಹಾಯಿಸಿದವನು ಅವರ ತೋಟದಲ್ಲಿ ಮೆಣಸು ಕೊಯ್ಯುವ ಹುಡುಗ. ಬೆಳಗಿನ ಒಂಬತ್ತರ ಸುಮಾರಿಗೆ, ಕಾರಿನ ಬ್ಯಾಟರಿಯಿಂದ ನಡೆಯುವ ಕಿರುತರಂಗದ ಸೆಟ್ಟಿನಲ್ಲಿ ಆ ಹೆಣ್ಣುಮಗಳು ತಮ್ಮ ಕರೆಸಂಕೇತ ಹೇಳಿದಾಗ ಹಾಸನದಿಂದಷ್ಟೇ ಅಲ್ಲ, ಧಾರವಾಡದಿಂದಲೂ ಉತ್ತರ ಬಂತು. ಅವರ ಮುಖ ಅರಳಿದ್ದನ್ನು ಕಂಡು ನನಗೆ ಆದ ಸಂತೋಷ ಸಣ್ಣದಲ್ಲ. ರಾತ್ರಿ ಇದೇ ಬ್ಯಾಂಡಿನಲ್ಲಿ ಹತ್ತಿರದವರು ಮಾಯವಾಗಬಹುದು, ವಿಶೇಷವಾಗಿ ಸೂರ್ಯನ ಚಟುವಟಿಕೆ ತಗ್ಗಿದ ವರ್ಷಗಳಲ್ಲಿ. ಆಗ ಇನ್ನೂ ಕೆಳಗಿನ, ಅಂದರೆ ಮೆಗಾಹರ್ಟ್ಸ್ ಇನ್ನೂ ಕಡಿಮೆಯಿರುವ, 80 ಮೀಟರ್ ಬ್ಯಾಂಡಿಗೆ ಇಳಿಯಬೇಕಾಗುತ್ತದೆ ಎಂದೂ ತಿಳಿಸಿಯೇ ಬಂದೆವು.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಿ ರೇಡಿಯೊ ಕಾರ್ಯಕ್ರಮಕ್ಕೆಂದು ಪೋರ್ಟ್‌ಬ್ಲೇರಿನಲ್ಲಿತ್ತು. ಅಂಡಮಾನಿನ ಸಂಪರ್ಕ ಕಡಿದುಹೋದಾಗ ಕಿರುತರಂಗದಲ್ಲಿ ಅವರು ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದರು. ನಮ್ಮ ಅಧಿಕಾರಿಗಳು ಈ ಪ್ರಸಂಗವನ್ನು ಗೌರವದಿಂದ ನೆನೆಯುತ್ತಾರೆ, ಆಮೇಲೆ ಕೈಸೆಟ್ಟುಗಳಿಗೆ ಆರ್ಡರ್ ಕೊಡುತ್ತಾರೆ. ಅಂದು ಸಮುದ್ರ ದಾಟಿದ್ದು ಕೈಸೆಟ್ಟಲ್ಲ. ಕಟ್ಟಿ ಸಿದ್ಧವಾಗಿದ್ದ ಆಂಟೆನಾ ಮತ್ತು ಆ ಹೊತ್ತಿಗೆ ಯಾವ ಬ್ಯಾಂಡ್ ತೆರೆದಿರುತ್ತದೆಂದು ಬಲ್ಲ ಜನ ಅಲ್ಲಿದ್ದರು. ಬೀರುವಿನಲ್ಲಿ ಬೀಗ ಹಾಕಿಟ್ಟ ಸೆಟ್ಟಿನಿಂದ ಆ ಬಲ ಬರುವುದಿಲ್ಲ. ಪ್ರತಿ ವಾರದ ನೆಟ್‌ನಲ್ಲಿ, ಅಂದರೆ ಗೊತ್ತಾದ ಹೊತ್ತಿಗೆ ಹ್ಯಾಮ್‌ಗಳು ರೇಡಿಯೊದಲ್ಲಿ ಸೇರುವ ಕೂಟದಲ್ಲಿ, ಹಾಜರಿ ಹಾಕಿ, ಬ್ಯಾಟರಿಯಿಂದ ನಡೆಸಿ ಅಭ್ಯಾಸ ಮಾಡಬೇಕು. ಕ್ಲಬ್ಬುಗಳು ಹೊರಾಂಗಣ ಶಿಬಿರಗಳನ್ನು ನಡೆಸುವುದು ಅದಕ್ಕಾಗಿಯೇ.

ಎಚ್ಚರಿಕೆಯ ಕೆಲವು ಮಾತುಗಳನ್ನು ಬಿಡುವಂತಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಎರಡೂ ತುದಿಯವರಿಗೆ ಬೇಕು. ತೋಟದ ವ್ಯಾಪಾರ ವ್ಯವಹಾರಕ್ಕೆ ಈ ಬ್ಯಾಂಡುಗಳನ್ನು ಬಳಸುವಂತಿಲ್ಲ. ವಿದ್ಯುತ್ ತಂತಿಯ ಹತ್ತಿರ ಆಂಟೆನಾ ಬೇಡವೇ ಬೇಡ. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟಬಾರದು. ಮಳೆಗಾಲದಲ್ಲಿ ಬಳಕೆ ಮುಗಿದೊಡನೆ ಅದನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗೆ ಇಡುವುದನ್ನು ರೂಢಿಸಿಕೊಳ್ಳಿ. ಇನ್ನು ಸೆಟ್ ಕೊಳ್ಳುವ ಮೊದಲು ನಮ್ಮಲ್ಲಿಗೆ ಬನ್ನಿ. ಯಾವ ಊರಿನಿಂದ ಯಾವ ಊರಿಗೆ, ಹಗಲೋ ರಾತ್ರಿಯೋ, ತಂತಿ ಕಟ್ಟಲು ಎಷ್ಟು ಜಾಗವಿದೆ, ಮಹಡಿಗೆ ಹೋಗಲು ಮಾಲೀಕರ ಒಪ್ಪಿಗೆ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಭೂಪಟ ಹರವಿ, ನಡುವಿನ ಗುಡ್ಡಗಳ ಎತ್ತರ ನೋಡಿ, ಯಾವ ಬ್ಯಾಂಡ್, ಎಂಥ ಆಂಟೆನಾ ಎಂದು ಕೂತು ತೀರ್ಮಾನಿಸೋಣ. ಸೆಟ್ಟಿನ ಮಾತನ್ನು ಕೊನೆಯಲ್ಲಿ ಆಡಿದರೆ ಸಾಕು.